ಅವ್ವನ ತಲೆನೋವು, ನಾನು ಕೊಡಿಸಿದ ಗೀಸರ್

ಅವ್ವನಿಗೆ ತಲೆನೋವು ಶುರುವಾಗಿದ್ದು 2024ರ ದೀಪಾವಳಿ ಕಳೆದ ಮೇಲೆ. ನನಗೆ ಗೊತ್ತಾಗಿದ್ದು ಸಂಕ್ರಾಂತಿ ದಿನ, ಅದೂ ಅವಳು ಬಚ್ಚಲಲ್ಲಿ ಬಿದ್ದ ಮೇಲೆ. ನಡುವಿನ ಎರಡೂವರೆ ತಿಂಗಳು ದಿನಾ ರಾತ್ರಿ ಒಂಬತ್ತಕ್ಕೆ ನಾನು ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡ್ತಿದ್ದೆ. ಊಟ ಆಯ್ತಾ, ಅಪ್ಪ ಮಾತ್ರೆ ತಗೊಂಡ್ರಾ, ಕರೆಂಟ್ ಇದೆಯಾ ಅಂತ ಎಲ್ಲ ಕೇಳ್ತಿದ್ದೆ. ತಲೆನೋವಿನ ಮಾತು ಒಂದು ದಿನವೂ ಬರಲಿಲ್ಲ.

ನಮ್ಮ ಮನೆ ಪಾಂಡವಪುರದಲ್ಲಿ, ಟೌನಿಂದ ರೈಲ್ವೆ ಸ್ಟೇಷನ್ ಕಡೆ ಹೋಗೋ ದಾರೀಲಿ. ಹಳಬರು ಈಗಲೂ ಊರಿಗೆ ಹಿರೋಡೆ ಅಂತಾರೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಅನ್ನೋ ಹೆಸರೂ ಇತ್ತು. ಮಹಡಿ ಹತ್ತಿದರೆ ಕುಂತಿಬೆಟ್ಟ ಕಾಣುತ್ತೆ. ಹಿತ್ತಲಲ್ಲಿ ನಾಲ್ಕು ತೆಂಗಿನ ಮರ, ಒಂದು ಬಾವಿ, ಅದರ ಪಕ್ಕ ಬಚ್ಚಲಮನೆ. ನಾನು ಕೆಲಸಕ್ಕೆ ಸೇರೋವರೆಗೂ ಅಲ್ಲಿ ತಾಮ್ರದ ಹಂಡೆ ಇತ್ತು. ತೆಂಗಿನ ಗರಿ, ಕರಟ, ಗದ್ದೆಯಿಂದ ತಂದ ಕಬ್ಬಿನ ತರಗು, ಏನು ಸಿಕ್ಕರೂ ಒಲೆಗೆ. ಬೆಳಗ್ಗೆ ಐದಕ್ಕೆ ಅವ್ವ ಬಗ್ಗಿ ಊದುಗೊಳವೆ ಊದೋ ಸದ್ದಿಗೇ ನಮಗೆಲ್ಲ ಎಚ್ಚರ ಆಗ್ತಿತ್ತು.

ಆ ಊದೋ ಸದ್ದು ನನಗೆ ಸೇರ್ತಿರಲಿಲ್ಲ. ಅರವತ್ತು ದಾಟಿದ ಹೆಂಗಸು, ಮಂಡಿನೋವು ಬೇರೆ, ಇನ್ನೂ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಕೂರಬೇಕಾ? ಮೊದಲ ಬೋನಸ್ ಬಂದ ತಿಂಗಳೇ ತೀರ್ಮಾನ ಮಾಡಿದೆ. ಕರೆಂಟ್ ಗೀಸರ್ ಅಂದರೆ ಅಪ್ಪನಿಗೆ ಶಾಕ್ ಹೊಡೆಯುತ್ತೆ ಅನ್ನೋ ಭಯ. ಸೋಲಾರ್ ಹಾಕೋಣ ಅಂದರೆ ಮಹಡಿ ತುಂಬಾ ತೆಂಗಿನ ಮರದ ನೆರಳು. ಉಳಿದಿದ್ದು ಗ್ಯಾಸ್ ಗೀಸರ್. ಆನ್‌ಲೈನಲ್ಲಿ ನಾಲ್ಕೂವರೆ ಸ್ಟಾರ್ ನೋಡಿ, ನಿಮಿಷಕ್ಕೆ 6 ಲೀಟರ್ ಕೊಡೋ ಒಂದನ್ನ ಆರ್ಡರ್ ಮಾಡಿ, ಫಿಟ್ ಮಾಡೋನ ನಂಬರನ್ನೂ ಫೋನಲ್ಲೇ ಹುಡುಕಿ ಕಳಿಸಿದೆ. ದೀಪಾವಳಿಯ ನೀರು ತುಂಬೋ ಹಬ್ಬಕ್ಕೆ ಮುಂಚೆ ಹೊಸ ಗೀಸರ್ ಗೋಡೆ ಮೇಲಿತ್ತು. ಹಂಡೆ ಒಲೆ ಒಡೆಸಿದವಳೂ ನಾನೇ.

“ಒಲೆ ಇರ್ಲಿ ಬುಡವ್ವ, ಯಾತಕ್ಕಾರ ಆಯ್ತದೆ” ಅಂದಿದ್ದರು ಅಪ್ಪ. ನಾನು ಕೇಳಲಿಲ್ಲ.

ಫಿಟ್ ಮಾಡಲು ಬಂದ ಹುಡುಗ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ಗೀಸರನ್ನ ಬಚ್ಚಲ ಒಳಗೇ, ನಲ್ಲಿಯ ಮೇಲೆ ತೂಗು ಹಾಕಿದ. ಸಿಲಿಂಡರ್ ಹೊರಗೆ, ಬಾವಿ ಮೋಟಾರಿನ ಸ್ಟಾರ್ಟರ್ ಕೆಳಗೆ. ಎರಡರ ನಡುವೆ ಅಗ್ಗದ ಹಸಿರು ರಬ್ಬರ್ ಪೈಪು, ಸುಮಾರು ಹನ್ನೆರಡು ಅಡಿ, ಗೋಡೆಯಲ್ಲಿ ಒಂದು ತೂತು ಕೊರೆದು ಎಳೆದಿದ್ದ. ತೂತಿನ ಅಂಚಿನ ಇಟ್ಟಿಗೆಗೆ ಪೈಪು ಉಜ್ಜುತ್ತಿತ್ತು. ಅಪ್ಪ ವಿಡಿಯೋ ಮಾಡಿ ಕಳಿಸಿದ್ದರು. ನಾನು ಅದನ್ನ ಆಫೀಸ್ ಕ್ಯಾಬಲ್ಲಿ ಕೂತು ನೋಡಿ ಹೃದಯದ ಇಮೋಜಿ ಕಳಿಸಿದೆ. ಈಗಲೂ ಆ ವಿಡಿಯೋ ಫೋನಲ್ಲಿದೆ. ಅದರಲ್ಲಿ ಎಲ್ಲ ಕಾಣುತ್ತೆ: ರಬ್ಬರ್ ಪೈಪು, ಸ್ಟಾರ್ಟರ್, ಮುಚ್ಚಿದ ಬಾಗಿಲು, ಮೇಲೆ ಒಂದು ಅಡಿಯ ವೆಂಟಿಲೇಟರ್. ನೋಡೋಕೆ ಗೊತ್ತಿರಬೇಕಲ್ಲ.

ಡಿಸೆಂಬರ್ ಚಳಿಗೆ ಅಪ್ಪ ಆ ವೆಂಟಿಲೇಟರಿಗೂ ಥರ್ಮೋಕೋಲ್ ಶೀಟು ತುರುಕಿದರು. ಸೊಳ್ಳೆ ಬರುತ್ತೆ, ಅವ್ವನಿಗೆ ತಣ್ಣನೆ ಗಾಳಿ ಹೊಡೆಯುತ್ತೆ ಅಂತ. ಅವಳ ಮೇಲಿನ ಕಾಳಜಿಗೇ ಮಾಡಿದ್ದು.

ಸಂಕ್ರಾಂತಿಗೆ ನಾನು ಊರಿಗೆ ಬಂದಿದ್ದೆ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಚಿಕ್ಕಪ್ಪನ ಮನೆಯೋರು, ಎಲ್ಲ ಸೇರಿ ಹತ್ತು ಜನ. ಬೆಳಗ್ಗೆ ಆರಕ್ಕೆ ಶುರುವಾದ ಸ್ನಾನ ಒಂಬತ್ತಾದರೂ ಮುಗಿದಿರಲಿಲ್ಲ. ಒಬ್ಬರು ಬಂದರೆ ಇನ್ನೊಬ್ಬರು ಒಳಗೆ. ಗೀಸರ್ ಆರಿದ್ದೇ ಇಲ್ಲ. “ನೋಡಿದ್ರಾ ಅಪ್ಪ, ಹಂಡೆ ಆಗಿದ್ರೆ ನಾಲ್ಕನೇವರಿಗೇ ನೀರು ಖಾಲಿ” ಅಂತ ನಾನು ಜಂಬ ಕೊಚ್ಚಿಕೊಂಡಿದ್ದೆ. ಎಲ್ಲರದೂ ಆದ ಮೇಲೆ ಕೊನೆಗೆ ಅವ್ವ ಹೋದಳು. ಹೆಂಗಸರದು ಯಾವಾಗಲೂ ಕೊನೆಗೇ ಅಲ್ಲವಾ. ಅವಳು ತಲೆಗೆ ನೀರು ಹಾಕಿಕೊಳ್ಳಬೇಕು, ಮಕ್ಕಳ ಬಟ್ಟೆ ಹಿಂಡಬೇಕು, ಬಚ್ಚಲು ಉಜ್ಜಬೇಕು.

ಇಪ್ಪತ್ತು ನಿಮಿಷ ಆಗಿರಬೇಕು. ಅಕ್ಕನ ಚಿಕ್ಕ ಮಗಳು ಬಂದು “ಅಜ್ಜಿ ಮಾತಾಡ್ತಿಲ್ಲ” ಅಂದಳು. ಬಕೆಟ್ ತುಂಬಿ ನೀರು ಹರಿಯೋ ಸದ್ದು ಮಾತ್ರ.

ಅವ್ವ ಬಚ್ಚಲ ಚಿಲಕ ಹಾಕಿಕೊಳ್ಳೋದೇ ಇಲ್ಲ. ಹಾಲು ಉಕ್ಕಿತು ಅಂತ ಯಾರಾದರೂ ಕೂಗಿದರೆ ಓಡಿಬರಬೇಕಲ್ಲ, ಅದಕ್ಕೆ. ಚಿಕ್ಕವಳಿದ್ದಾಗ ಇದಕ್ಕೆ ನಾನೆಷ್ಟು ಜಗಳ ಆಡಿದ್ದೆ. ಆ ದಿನ ಅವಳನ್ನ ಉಳಿಸಿದ್ದು ಅದೇ. ತಳ್ಳಿದ ತಕ್ಷಣ ಬಾಗಿಲು ತೆರೆಯಿತು. ಅವ್ವ ಮಣೆಯಿಂದ ಪಕ್ಕಕ್ಕೆ ವಾಲಿ, ಗೋಡೆಗೆ ಒರಗಿದ್ದಳು. ಕಣ್ಣು ಅರ್ಧ ತೆರೆದಿತ್ತು. ಭಾವ, ಅಪ್ಪ ಸೇರಿ ಒದ್ದೆ ಸೀರೆಯಲ್ಲೇ ಎತ್ತಿಕೊಂಡು ಹಿತ್ತಲಿಗೆ ತಂದು ತೆಂಗಿನ ಮರದ ಕೆಳಗೆ ಮಲಗಿಸಿದರು. ಗೀಸರ್ ಆರಿಸಬೇಕು ಅನ್ನೋದು ಯಾರಿಗೂ ಹೊಳೆಯಲಿಲ್ಲ. ಒಳಗಿದ್ದ ಒಂದೇ ನಿಮಿಷಕ್ಕೆ ಭಾವನಿಗೂ ತಲೆ ಹಿಡಿದುಕೊಂಡಿತ್ತು.

ಗಾಳಿಗೆ ಬಂದ ಐದು ನಿಮಿಷಕ್ಕೆ ಅವ್ವ ಕಣ್ಣು ಬಿಟ್ಟಳು, ವಾಂತಿ ಮಾಡಿದಳು. ಬಿಪಿ ಇರಬೇಕು, ಉಪವಾಸ ಇದ್ದಳಲ್ಲ, ಪಿತ್ತ ಇರಬೇಕು ಅಂತ ಎಲ್ಲರೂ ಒಂದೊಂದು ಹೇಳಿದರು. ನಾನು ಕೋವಿಡ್ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಹುಡುಕಿ ಬೆರಳಿಗೆ ಸಿಕ್ಕಿಸಿದೆ. 98 ತೋರಿಸಿತು. “ಆಕ್ಸಿಜನ್ ಸರಿ ಇದೆ, ಗಾಬರಿ ಬೇಡ” ಅಂತ ಎಲ್ಲರಿಗೂ ಧೈರ್ಯ ಹೇಳಿದೆ. ಆ ಮಾತು ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತೆ.

ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಅಕ್ಕನ ಹಠಕ್ಕೆ. ಅಲ್ಲಿದ್ದ ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲಿ ಬಿದ್ದರು ಅಂತ ಕೇಳಿ, ಬಚ್ಚಲಲ್ಲಿ ಅಂದ ಕೂಡಲೇ ಕೇಳಿದ ಎರಡನೇ ಪ್ರಶ್ನೆ, “ಮನೇಲಿ ಗ್ಯಾಸ್ ಗೀಸರ್ ಇದೆಯಾ?” ನಾನು ಆಕ್ಸಿಮೀಟರಿನ 98 ಅಂಕಿ ಹೇಳಿದೆ. ಅವರು ತಲೆ ಅಲ್ಲಾಡಿಸಿ, ಅದನ್ನ ನಂಬಬೇಡಿ ಅಂದು, ಮೊದಲು ಮಾಸ್ಕ್ ಹಾಕಿ ಆಕ್ಸಿಜನ್ ಶುರು ಮಾಡಿಸಿದರು. ಆಮೇಲೆ ಬಿಡಿಸಿ ಹೇಳಿದರು. ಉರಿಗೆ ಗಾಳಿ ಸಾಕಾಗದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸೋದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಬೆರಳಿಗೆ ಹಾಕೋ ಮಾಮೂಲಿ ಮೀಟರಿಗೆ ಅಂಟಿದ್ದು ಯಾವುದು ಅಂತ ವ್ಯತ್ಯಾಸ ಗೊತ್ತಾಗೋಲ್ಲ, ಎರಡನ್ನೂ ಸೇರಿಸಿ ಒಳ್ಳೆ ಅಂಕಿ ತೋರಿಸಿಬಿಡುತ್ತೆ. ಸುಮ್ಮನೆ ಗಾಳಿಯಲ್ಲಿ ಕೂತರೆ ರಕ್ತದಲ್ಲಿರೋ ವಿಷ ಅರ್ಧಕ್ಕೆ ಇಳಿಯೋಕೆ ನಾಲ್ಕೈದು ಗಂಟೆ ಬೇಕು. ಮಾಸ್ಕಲ್ಲಿ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ.

“ಈ ಥರ ಮೊದಲೂ ಆಗಿತ್ತಾ ಅಮ್ಮ? ತಲೆನೋವು, ತಲೆಸುತ್ತು?” ಅಂತ ಡಾಕ್ಟರ್ ಕೇಳಿದರು.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಮಾಸ್ಕ್ ಸರಿಸಿ, “ಸ್ನಾನ ಮಾಡ್ದಾಗೆಲ್ಲ ಬತ್ತಿತ್ತು. ಹಿತ್ಲಲ್ಲಿ ಓಡಾಡುದ್ರೆ ಹತ್ತು ಹನ್ನೊಂದ್ ಗಂಟೆಗೆಲ್ಲ ವಾಸಿ ಆಗೋದು” ಅಂದಳು.

“ಯಾಕವ್ವ ಹೇಳ್ಲಿಲ್ಲ?”

“ನೀನ್ ಆಸೆಪಟ್ಟು ಕೊಡ್ಸಿದ್ದು ಮಗ. ಅದ್ರಿಂದ್ಲೆ ತಲೆನೋವು ಅಂದ್ರೆ ನೊಂದ್ಕತೀಯ ಅಂತ.”

ಅಂದರೆ ಅವಳಿಗೆ ಅನುಮಾನ ಇತ್ತು. ಗೀಸರಿಗೂ ತಲೆನೋವಿಗೂ ಸಂಬಂಧ ಇದೆ ಅಂತ ಓದದ ನಮ್ಮವ್ವನಿಗೆ ಗೊತ್ತಾಗಿತ್ತು. ಎಂಜಿನಿಯರಿಂಗ್ ಓದಿದ ನಾನು ದಿನಾ ರಾತ್ರಿ ಒಂಬತ್ತಕ್ಕೆ ಅವಳ ಮುಖ ನೋಡ್ತಾ ಇದ್ದೆ. ಅಪ್ಪನಿಗೆ ಏನೂ ಆಗಿರಲಿಲ್ಲ, ಯಾಕೆಂದರೆ ಅವರದು ಮೂರು ಚೊಂಬಿನ ಸ್ನಾನ, ಅದೂ ಬಾಗಿಲು ಓರೆ ಮಾಡಿಕೊಂಡು. ಹೆಚ್ಚು ಹೊತ್ತು ಒಳಗಿರುತ್ತಿದ್ದವಳು ಅವ್ವ ಒಬ್ಬಳೇ.

ಸಂಜೆ ಮನೆಗೆ ಬಂದೆವು. ಬೀದಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸೋ ಗಲಾಟೆ. ನಮ್ಮ ಮನೆಯಲ್ಲಿ ಯಾರೂ ಹೊರಗೆ ಹೋಗಲಿಲ್ಲ. ನಾನು ಗೀಸರಿನ ಡಬ್ಬಿ ಹುಡುಕಿ ಅದರೊಳಗಿದ್ದ ಪುಸ್ತಿಕೆ ತೆಗೆದೆ. ಸೀಲೂ ಒಡೆದಿರಲಿಲ್ಲ. ಬಚ್ಚಲಿನ ಒಳಗೆ ಹಾಕಬಾರದು, ಗಾಳಿಯಾಡೋ ಜಾಗದಲ್ಲಿ ಹಾಕಬೇಕು ಅಂತ ಎರಡನೇ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ಫಿಟ್ ಮಾಡಿದ ಹುಡುಗನನ್ನ ಬೈಯೋಕೆ ಫೋನ್ ಎತ್ತಿಕೊಂಡೆ, ಆಮೇಲೆ ಇಟ್ಟೆ. ಪುಸ್ತಿಕೆ ಅವನ ಕೈಲಿರಲಿಲ್ಲ, ನಮ್ಮ ಮನೆಯಲ್ಲಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಫೋನಲ್ಲಿ ಓದುತ್ತಾ ಕೂತೆ. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲದ ಕಡೆ ಒಂದು ಜೋಡಿ ಹೀಗೇ ಬಚ್ಚಲಲ್ಲಿ ಸತ್ತಿದ್ದರು. ಆ ಸುದ್ದಿ ಬಂದಾಗ ನಾನೂ ಓದಿದ್ದೆ, “ಅಯ್ಯೋ ಪಾಪ” ಅಂದು ಮುಂದಕ್ಕೆ ಸ್ಕ್ರೋಲ್ ಮಾಡಿದ್ದೆ. ಆಮೇಲೆ ಅದೇ ವಸ್ತುವನ್ನ ಅವ್ವನಿಗೆ ಕೊಡಿಸಿದ್ದೆ. ಎರಡಕ್ಕೂ ತಲೆಯಲ್ಲಿ ಗಂಟೇ ಬಿದ್ದಿರಲಿಲ್ಲ.

ಬೆಳಗ್ಗೆ ನಾನು ಆ ಗೀಸರನ್ನ ಗುಜರಿಗೆ ಹಾಕಿ ಅಂದೆ. ಅಪ್ಪ ಸುಮ್ಮನೆ ಹೊರಗೆ ಹೋಗಿ ಬಾಯ್ಲರ್ ಮಾಮನನ್ನ ಕರೆತಂದರು.

ಬಾಯ್ಲರ್ ಮಾಮ ಅನ್ನೋದು ಬೀದಿಯ ಮಕ್ಕಳೆಲ್ಲ ಇಟ್ಟ ಹೆಸರು. ನಮ್ಮೂರ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕಡೆ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಕಾರ್ಖಾನೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಗಿ ಮತ್ತೆ ಹೊಗೆ ಬಂದ ದಿನ ಅವರು ಬೀದಿಗೆಲ್ಲ ಕಡ್ಲೆಪುರಿ ಹಂಚಿದ್ದರು. ಈಗ ಹೋಟೆಲು, ಛತ್ರಗಳಿಗೆ ಗ್ಯಾಸ್ ಲೈನ್ ಹಾಕೋ ಮೇಸ್ತ್ರಿಗಳ ಜೊತೆ ಹೋಗ್ತಾರೆ. ಅವರು ಬಚ್ಚಲ ಬಾಗಿಲಲ್ಲಿ ನಿಂತು ಐದು ನಿಮಿಷ ಏನೂ ಮಾತಾಡಲಿಲ್ಲ. ಬೆರಳಿಂದ ಗೀಸರಿನ ಮೇಲಿನ ಗೋಡೆ ಒರೆಸಿ ನನಗೆ ತೋರಿಸಿದರು. ಕರಿ ಮಸಿ.

“ನೋಡವ್ವ, ಉರಿ ಅಂದ್ಮೇಲೆ ಮೂರು ದಾರಿ ಬೇಕು. ಉರುವಲು ಬರೋ ದಾರಿ, ಗಾಳಿ ಬರೋ ದಾರಿ, ಹೊಗೆ ಹೋಗೋ ದಾರಿ. ನಮ್ ಫ್ಯಾಕ್ಟ್ರಿ ಬಾಯ್ಲರ್ಗೂ ಅಷ್ಟೆ, ನಿಮ್ ಹಂಡೆ ಒಲೆಗೂ ಅಷ್ಟೆ. ಇವ್ನು ಒಂದೇ ದಾರಿ ಮಾಡವ್ನೆ. ಅದ್ನೂ ನೆಟ್ಗೆ ಮಾಡಿಲ್ಲ” ಅಂದರು.

ನಾನು ಲೆಕ್ಕ ಹಾಕಿ ನೋಡಿದೆ. ನಿಮಿಷಕ್ಕೆ 6 ಲೀಟರ್ ನೀರನ್ನ 25 ಡಿಗ್ರಿ ಬಿಸಿ ಏರಿಸಬೇಕು ಅಂದರೆ ಸುಮಾರು ಹತ್ತೂವರೆ ಕಿಲೋವಾಟ್ ಶಾಖ ಬೇಕು. ಅಡುಗೆಮನೆಯ ಸ್ಟೌವಿನ ದೊಡ್ಡ ಬರ್ನರ್ ನಾಲ್ಕೈದನ್ನ ಒಟ್ಟಿಗೆ ಪೂರ್ತಿ ಉರಿಸಿದ ಹಾಗೆ. ಒಂದು ಕೆಜಿ ಗ್ಯಾಸ್ ಸರಿಯಾಗಿ ಉರಿಯೋಕೆ ಹನ್ನೆರಡು ಹದಿಮೂರು ಘನ ಮೀಟರ್ ಗಾಳಿ ಬೇಕು. ನಮ್ಮ ಬಚ್ಚಲು ಐದಡಿಗೆ ಏಳಡಿ, ಎಂಟಡಿ ಎತ್ತರ. ಬಾಗಿಲು, ವೆಂಟಿಲೇಟರ್ ಮುಚ್ಚಿದರೆ ಹತ್ತು ನಿಮಿಷದಲ್ಲಿ ಗೀಸರ್ ಒಂದೇ ಆ ಕೋಣೆಯ ಕಾಲು ಭಾಗ ಗಾಳಿಯನ್ನ ಬಳಸಿಬಿಡುತ್ತೆ. ಅಷ್ಟರಲ್ಲಿ ಉರಿ ನೀಲಿಯಿಂದ ಹಳದಿಗೆ ತಿರುಗಿ, ವಿಷ ಶುರುವಾಗಿರುತ್ತೆ. ಮೂರು ಗಂಟೆ ಒಂದೇ ಸಮ ಉರಿದಿತ್ತು ಅದು. ನಡುವೆ ಬಾಗಿಲು ತೆರೆದು ಮುಚ್ಚಿ ಮಾಡುತ್ತಿದ್ದದ್ದರಿಂದ ನಾವು ಒಂಬತ್ತು ಜನ ಹುಷಾರಾಗಿ ಹೊರಗೆ ಬಂದಿದ್ದೆವು.

ಹಂಡೆ ಒಲೆಯಲ್ಲೂ ಈ ವಿಷ ಹುಟ್ಟುತ್ತೆ. ಆದರೆ ಹಳೇ ಬಚ್ಚಲಿಗೆ ಹೆಂಚಿನ ಸಂದಿ ಇತ್ತು, ಗವಾಕ್ಷಿ ಇತ್ತು, ಒಲೆ ಬಾಯಿ ಹೊರಗಡೆಗಿತ್ತು. ಅದಕ್ಕಿಂತ ಹೆಚ್ಚಾಗಿ ಹೊಗೆ ಕಣ್ಣು ಉರಿಸಿ, ಕೆಮ್ಮಿಸಿ, ಎದ್ದು ಹೋಗು ಅಂತ ಹೇಳುತ್ತಿತ್ತು. ನಾನು ಅವ್ವನಿಗೆ ತಪ್ಪಿಸಿದ್ದು ಆ ಹೊಗೆಯನ್ನ.

ಇನ್ನೊಂದು ವಿಷಯದಲ್ಲಿ ನಮ್ಮ ಮನೆಯವರೆಲ್ಲ ಮೋಸ ಹೋಗಿದ್ದೆವು. ಅಪ್ಪ ತಿಂಗಳಿಗೊಮ್ಮೆ ಸೋಪಿನ ನೀರು ಹಚ್ಚಿ ಲೀಕ್ ನೋಡ್ತಿದ್ದರು. ವಾಸನೆ ಬರ್ತಿಲ್ಲ, ಆದ್ದರಿಂದ ಕ್ಷೇಮ ಅಂತ ಅವರ ಲೆಕ್ಕ. ಸಿಲಿಂಡರಿನ ಗ್ಯಾಸಿಗೆ ತಾನಾಗಿ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟಾನ್ ಬೆರೆಸಿರುತ್ತಾರೆ. ಅದು ಸೋರಿಕೆಗೆ ಎಚ್ಚರಿಕೆ. ಉರಿದ ಮೇಲೆ ಹುಟ್ಟೋ ವಿಷಕ್ಕೆ ಯಾರು ವಾಸನೆ ಬೆರೆಸುತ್ತಾರೆ? ಇವೆರಡೂ ಬೇರೆ ಬೇರೆ ಅಪಾಯ. ನಮ್ಮ ಮನೆಯಲ್ಲಿ ಎರಡೂ ಇದ್ದವು, ನಾವು ಒಂದನ್ನ ಮಾತ್ರ ಕಾಯ್ತಿದ್ದೆವು.

ಗೀಸರನ್ನ ಗುಜರಿಗೆ ಹಾಕೋದು ಬೇಡ ಅಂದರು ಮಾಮ. ಜಾಗ ಬದಲಿಸೋಣ, ಲೈನ್ ಸರಿಯಾಗಿ ಹಾಕೋಣ. ಒಂದು ಷರತ್ತು: ಪೈಪು ಅವರು ಹಾಕ್ತಾರೆ, ಆದರೆ ಸಿಲಿಂಡರು, ರೆಗ್ಯುಲೇಟರ್ ಕಡೆಯದನ್ನ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಬಂದೇ ನೋಡಬೇಕು, ಅವರು ಒಪ್ಪೋವರೆಗೂ ಹಚ್ಚೋ ಹಾಗಿಲ್ಲ. “ಫ್ಯಾಕ್ಟ್ರಿ ಬಾಯ್ಲರ್ಗೆ ವರ್ಸ ವರ್ಸ ಇನ್ಸ್‌ಪೆಕ್ಟ್ರು ಬಂದು ನೋಡಿ ಸರ್ಟಿಫಿಕೇಟ್ ಕೊಡ್ದಿದ್ರೆ ಬೆಂಕಿ ಹಾಕಂಗಿಲ್ಲ. ಮನೆ ಬಾಯ್ಲರ್ಗೆ ಯಾವನ್ ಬತ್ತಾನೆ?” ನಾನು ಆಮೇಲೆ ನೋಡಿದೆ, ಆ ಕಾಯ್ದೆ 1923ರಷ್ಟು ಹಳೆಯದು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಬಚ್ಚಲ ಗೋಡೆಯ ಮೇಲಿನ ಡಬ್ಬಿ ಆ ಕಾಯ್ದೆಗೆ ಬಾಯ್ಲರೇ ಅಲ್ಲ.

ನಾನು ಎರಡು ದಿನ ರಜೆ ಹಾಕಿ ಕೂತು ನೋಡಿದೆ. ಗೀಸರನ್ನ ಬಚ್ಚಲ ಹೊರಗೋಡೆಗೆ, ಸಜ್ಜದ ಕೆಳಗೆ ತಂದರು. ಮಳೆ ಬೀಳಬಾರದು, ಮೂರು ಕಡೆ ಗಾಳಿ ಆಡಬೇಕು, ಆದರೆ ನೇರ ಗಾಳಿ ಉರಿಗೆ ಹೊಡೆಯಬಾರದು. ನಾನು ವೆಂಟಿಲೇಟರಿನ ಕೆಳಗೇ ಹಾಕಿಬಿಡಿ, ನೀರಿನ ಪೈಪು ಉಳಿಯುತ್ತೆ ಅಂದೆ. ಮಾಮ ನಕ್ಕು, ಉರಿದ ಗಾಳಿ ಬಿಸಿಯಾಗಿ ಮೇಲಕ್ಕೇ ಹೋಗೋದು, ಸೀದಾ ವೆಂಟಿಲೇಟರಿಂದ ಒಳಗೆ ಬರುತ್ತೆ, ಎಕ್ಸಾಸ್ಟ್ ಫ್ಯಾನ್ ಏನಾದರೂ ಹಾಕಿದರೆ ಎಳೆದುಕೊಂಡೇ ಬರುತ್ತೆ ಅಂದು ಐದಾರು ಅಡಿ ದೂರಕ್ಕೆ ಗುರುತು ಹಾಕಿದರು. ಹೊರಗೆ ಹಾಕಿದರೆ ಮುಗೀತು ಅಂದುಕೊಂಡಿದ್ದೆ ನಾನು.

ಸಿಲಿಂಡರಿನ ಜಾಗಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗೋಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿದು ತಗ್ಗು ಹುಡುಕುತ್ತೆ. ಆದ್ದರಿಂದ ಬಚ್ಚಲ ಮೋರಿಯ ಜಾಲರಿ ಹತ್ತಿರ ಬೇಡ, ಹಳ್ಳದಲ್ಲಿ ಬೇಡ, ಮೋಟಾರ್ ಸ್ಟಾರ್ಟರ್ ಕೆಳಗಂತೂ ಬೇಡವೇ ಬೇಡ. ಸ್ಟಾರ್ಟರ್ ಒತ್ತಿದಾಗಲೆಲ್ಲ ಒಳಗೆ ಕಿಡಿ ಹಾರುತ್ತೆ. ಎರಡೂವರೆ ತಿಂಗಳು ಅಪ್ಪ ದಿನಾ ಬೆಳಗ್ಗೆ ಸಿಲಿಂಡರ್ ಪಕ್ಕ ನಿಂತು ಆ ಗುಂಡಿ ಒತ್ತಿದ್ದರು. ಕೊನೆಗೆ ಕಾಂಪೌಂಡ್ ಕಡೆ ಸ್ವಲ್ಪ ಎತ್ತರಕ್ಕೆ ಸಿಮೆಂಟ್ ಕಟ್ಟೆ ಕಟ್ಟಿ, ಮೇಲೆ ಶೀಟು ಹೊದಿಸಿ, ಪಕ್ಕಗಳನ್ನ ತೆರೆದು ಬಿಟ್ಟರು. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಅದರ ಕೊರಳಿನ ಪಟ್ಟಿ ಮೇಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಲ್ಲಿ ವರ್ಷ ಇರುತ್ತೆ, ನೋಡಿದ್ದೀರಾ? ಮತ್ತೆ ಪರೀಕ್ಷೆ ಮಾಡಿಸಬೇಕಾದ ಗಡುವು ಅದು. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿಂದ ಡಿಸೆಂಬರ್. ಮೂವತ್ತು ವರ್ಷ ಗ್ಯಾಸ್ ಬಳಸಿದ ಮನೆ ನಮ್ಮದು, ಯಾರಿಗೂ ಗೊತ್ತಿರಲಿಲ್ಲ.

ಆ ಕಟ್ಟೆಯಿಂದ ಗೀಸರಿಗೆ ಹದಿನಾಲ್ಕು ಅಡಿ. ಏಜೆನ್ಸಿಯವರು ಕೊಡೋ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್, ಒಳಗೆ ಉಕ್ಕಿನ ತಂತಿ ಇರೋದು, ಒಂದೂವರೆ ಮೀಟರಿಗಿಂತ ಉದ್ದ ಬಳಸೋ ಹಾಗಿಲ್ಲ. ಅದಕ್ಕೂ ಐದು ವರ್ಷದ ಆಯಸ್ಸು, ಮೇಲೆ ಅಚ್ಚು ಹಾಕಿರುತ್ತಾರೆ. ಹಾಗಾಗಿ ಎರಡು ತುದಿಗೆ ಸಣ್ಣ ಹೋಸ್, ನಡುವೆ ತಾಮ್ರದ ಪೈಪು. ನಾನು ಗೋಡೆ ಕೊರೆದು ಒಳಗೆ ಮುಚ್ಚಿಬಿಟ್ಟರೆ ಚೆನ್ನಾಗಿ ಕಾಣುತ್ತಲ್ಲ ಅಂದೆ. “ಗ್ಯಾಸ್ ಪೈಪು ಕಣ್ಣಿಗೆ ಕಾಣ್ಬೇಕು ಕಣವ್ವ. ಕಾಣ್ದೆ ಇರೋದನ್ನ ಯಾರ್ ನೋಡ್ತಾರೆ?” ಗೋಡೆಯ ಮೇಲೇ, ಒಂದೊಂದು ಮಾರಿಗೆ ಎರಡೆರಡು ಕ್ಲಾಂಪ್ ಹೊಡೆದು, ಕಾಲಿಗೆ ಬಕೆಟಿಗೆ ತಗಲದ ಎತ್ತರದಲ್ಲಿ ಎಳೆದರು. ಕಾಂಪೌಂಡಿನ ಅಡ್ಡಗೋಡೆ ದಾಟೋ ಕಡೆ ಮೊದಲು ಒಂದು ದಪ್ಪ ಪೈಪಿನ ತುಂಡು ಕೂರಿಸಿ ಅದರೊಳಗಿಂದ ತಾಮ್ರದ್ದನ್ನ ತೂರಿಸಿದರು, ಇಟ್ಟಿಗೆಗೆ ಉಜ್ಜದ ಹಾಗೆ. ಇಡೀ ಉದ್ದಕ್ಕೆ ನಡುವೆ ಜಾಯಿಂಟೇ ಇಲ್ಲ, ತುದಿಗಳಲ್ಲಿ ಮಾತ್ರ. ಎರಡೂ ತುದಿಗೆ ಹಿತ್ತಾಳೆ ವಾಲ್ವ್. ಅಡುಗೆಮನೆ ಸಿಲಿಂಡರಿಂದಲೇ ಟೀ ಹಾಕಿ ಎಳೆದರೆ ಒಂದು ಸಿಲಿಂಡರ್ ಉಳಿಯುತ್ತಲ್ಲ ಅಂದ ಭಾವನಿಗೆ ಬೈಗುಳ ಬಿತ್ತು.

ಗ್ಯಾಸ್ ಬಿಡೋಕೆ ಮುಂಚೆ ಗಾಳಿ ತುಂಬಿ ನೋಡಬೇಕು. ಗೀಸರು, ರೆಗ್ಯುಲೇಟರು ಎರಡನ್ನೂ ಬಿಚ್ಚಿಟ್ಟು, ಪೈಪಿಗೆ ಗೇಜ್ ಸಿಕ್ಕಿಸಿ, ಸೈಕಲ್ ಪಂಪಿಂದ ಗಾಳಿ ಹೊಡೆದರು. ಮನೆ ರೆಗ್ಯುಲೇಟರಿಂದ ಬರೋ ಒತ್ತಡ ತುಂಬಾ ಕಡಿಮೆ, ಸುಮಾರು 30 ಮಿಲಿಬಾರ್. ಒಂದು ಅಡಿ ಎತ್ತರ ನೀರು ನಿಂತರೆ ಎಷ್ಟು ಒತ್ತುತ್ತೋ ಅಷ್ಟೇ. ಪರೀಕ್ಷೆಗೆ ಅದರ ಎಷ್ಟೋ ಪಟ್ಟು ಹಾಕಿ, ಮುಳ್ಳು ನಿಂತ ಕಡೆ ಗಾಜಿನ ಮೇಲೆ ಪೆನ್ನಲ್ಲಿ ಗುರುತು ಮಾಡಿ, “ಬನ್ನಿ ಕಾಪಿ ಕುಡಿಯನ” ಅಂದರು.

ಕಾಫಿ ಕುಡಿದು ಬಂದಾಗ ಮುಳ್ಳು ಗುರುತಿಗಿಂತ ಕೂದಲೆಳೆಯಷ್ಟು ಕೆಳಗಿತ್ತು. ನನಗೆ ಕಾಣಲೇ ಇಲ್ಲ. ಮಾಮನಿಗೆ ಕಂಡಿತು. ಸೋಪಿನ ನೀರು ಹಚ್ಚಿದರೆ ಗೀಸರ್ ಕಡೆಯ ಜಾಯಿಂಟಲ್ಲಿ ಸಾಸಿವೆ ಕಾಳಿನಂಥ ಗುಳ್ಳೆ, ಒಂದಾದ ಮೇಲೆ ಒಂದು. ಅವರು ನಟ್ಟು ಬಿಗಿ ಮಾಡಲಿಲ್ಲ. ಬಿಚ್ಚಿ, ಪೈಪಿನ ಬಾಯಿ ಕತ್ತರಿಸಿ ಹಾಕಿ, ಹೊಸದಾಗಿ ಬಾಯಿ ಅಗಲಿಸಿ ಮತ್ತೆ ಕೂರಿಸಿದರು. ಬಿಗಿ ಮಾಡಿದ್ದರೆ ಇವತ್ತಿಗೆ ನಿಲ್ಲುತ್ತಿತ್ತು ಅಂತೆ. ಎರಡನೇ ಸಲ ಮಧ್ಯಾಹ್ನದ ಊಟ ಮುಗಿಸಿ ಬಂದರೂ ಮುಳ್ಳು ಅಲ್ಲಾಡಿರಲಿಲ್ಲ.

ಮಾರನೇ ದಿನ ಏಜೆನ್ಸಿಯ ಮೆಕ್ಯಾನಿಕ್ ಬಂದು ಹೊಸ ಹೋಸ್, ಹೊಸ ರೆಗ್ಯುಲೇಟರ್ ಹಾಕಿ, ಎಲ್ಲ ನೋಡಿ ಹಚ್ಚಿದರು. ನಲ್ಲಿ ತಿರುಗಿಸಿದರೆ ಒಳಗಿನ ಪೊರೆ ನೀರಿನ ಒತ್ತಡಕ್ಕೆ ಸರಿದು ಗ್ಯಾಸಿನ ದಾರಿ ತೆರೆಯುತ್ತೆ, ಬ್ಯಾಟರಿ ಕಿಡಿ ಕೊಡುತ್ತೆ, ಉರಿ ಹತ್ತುತ್ತೆ. ಗಾಜಿನ ಕಿಂಡಿಯಲ್ಲಿ ನೋಡಿದೆ. ನೀಲಿ, ಅಲ್ಲಾಡದೆ ನಿಂತ ನೀಲಿ. ಹಳೇ ವಿಡಿಯೋದಲ್ಲಿ ಅದೇ ಕಿಂಡಿಯಲ್ಲಿ ಹಳದಿ ನಾಲಿಗೆ ಆಡ್ತಿತ್ತು. ಹೋಗೋವಾಗ ಅವರು ಸೋರಿಕೆಗೆ 24 ಗಂಟೆಯ ಸಹಾಯವಾಣಿ 1906 ಅಂತ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಅಪ್ಪ ಅದರ ಮೇಲೆ ಪೇಂಟ್ ಹೊಡೆದಿದ್ದಾರೆ.

ಪೈಪು, ವಾಲ್ವ್, ಕಟ್ಟೆ, ಕೂಲಿ ಎಲ್ಲ ಸೇರಿ ಗೀಸರಿಗಿಂತ ಜಾಸ್ತಿ ಖರ್ಚಾಯಿತು. ಅದನ್ನ ಮೊದಲೇ ಮಾಡಿದ್ದರೆ ಅಂತ ಹೇಳಲ್ಲ, ಮೊದಲು ಯಾರಾದರೂ ಅಷ್ಟು ದುಡ್ಡು ಕೇಳಿದ್ದರೆ ನಾನೇ ಮೋಸ ಅಂತ ಜಗಳ ಆಡ್ತಿದ್ದೆ. ವೆಂಟಿಲೇಟರಿನ ಥರ್ಮೋಕೋಲನ್ನ ಅಪ್ಪ ತಾವೇ ಕಿತ್ತು ಸೊಳ್ಳೆ ಜಾಲರಿ ಹಾಕಿದರು. ಬಾಗಿಲಿನ ಕೆಳಗೆ ಮೂರು ಬೆರಳು ಕೊಯ್ಸಿದರು. ಬೆಂಗಳೂರಿಗೆ ಬಂದ ಮೇಲೆ ನಾನು ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಳಿಸಿದೆ. ಗ್ಯಾಸ್ ಲೀಕ್ ಡಿಟೆಕ್ಟರ್ ಬೇರೆ, ಇದು ಬೇರೆ. ಆರ್ಡರ್ ಮಾಡೋವಾಗ ಗಮನವಿಟ್ಟು ಓದಿ. ಲೀಕ್ ಡಿಟೆಕ್ಟರ್ ನೆಲದ ಹತ್ತಿರ ಹಾಕಬೇಕು, ಇದನ್ನ ನಾವು ಉಸಿರಾಡೋ ಎತ್ತರದಲ್ಲಿ. ಈ ಸಲ ಪುಸ್ತಿಕೆಯನ್ನ ಪೂರ್ತಿ ಓದಿದೆ, ಎರಡು ಸಲ.

2025ರ ಅಕ್ಟೋಬರಲ್ಲಿ ಪಿರಿಯಾಪಟ್ಟಣದ ಸುದ್ದಿ ಬಂತು. ಅಕ್ಕ ತಂಗಿ ಇಬ್ಬರು, ಇಪ್ಪತ್ತರ ಆಸುಪಾಸಿನ ಹುಡುಗೀರು, ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ನಾನು ಆಫೀಸಲ್ಲಿ ಊಟದ ತಟ್ಟೆ ಮುಂದೆ ಇಟ್ಟುಕೊಂಡು ಓದಿದೆ, ಊಟ ಹಾಗೇ ಬಿಟ್ಟು ಹೊರಗೆ ಬಂದೆ. ಅಷ್ಟರಲ್ಲಿ ಅವ್ವನದೇ ಫೋನ್. ಅವಳು ಹಗಲು ಹೊತ್ತು ಫೋನ್ ಮಾಡೋದೇ ಇಲ್ಲ. ಟೀವಿಯಲ್ಲಿ ನೋಡಿದ್ದಳು.

ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

“ಹೆತ್ತೋಳ್ ಹೆಂಗ್ ತಡ್ಕತಾಳೆ ಮಗ” ಅಂದಳು ಕೊನೆಗೆ.

“ಅವ್ವ, ಈಗ ತಲೆನೋವು ಬತ್ತದಾ? ನಿಜ ಹೇಳು.”

“ಇಲ್ಲ ಕಣವ್ವ. ಬಂದ್ರೆ ಹೇಳ್ತೀನಿ ಅಂದಿಲ್ವಾ.”

“ನಾನ್ ಕೊಡ್ಸಿದ್ದು ಯಾವ್ದಾದ್ರೂ ಸರಿಯಿಲ್ಲ ಅಂದ್ರೂ ಹೇಳ್ಬೇಕು.”

ಅವ್ವ ಒಂದು ಕ್ಷಣ ಯೋಚಿಸಿದಳು. “ಯಾವ್ದಾದ್ರೂ ಅಂದ್ರೆ... ಆ ಮಿಕ್ಸಿ ಚಟ್ನಿ ನುಣ್ಣುಗ್ ಆಡಲ್ಲ. ಗೌರಿ ಹಬ್ಬುಕ್ ಕಳ್ಸಿದ್ ಸೀರೆ ಮೈಗೆ ಚುಚ್ತದೆ. ಆಮೇಲೆ ಆ ಕುಕ್ಕರ್ ಐತಲ್ಲ...”

ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡೆ. ಹನ್ನೊಂದು ನಿಮಿಷ ಹಿಡಿಯಿತು.